ಸಂಶಯಕ್ಕ ಮತ್ತು ಮಡಿಲ ಮಣ್ಣು

"ಹುಳ ಮುಟ್ಟದ ಗಿಡವನ್ನ ನಾನು ನಂಬಲ್ಲ. ನೀವು ನಗ್ತೀರಿ, ನಗಿ. ಕೊಳ್ಳೋಕೆ ಬಂದೋರೆಲ್ಲ ಮೊದಲು ಹೂ ನೋಡ್ತಾರೆ, ಆಮೇಲೆ ಎಲೆ ಎಷ್ಟು ಹೊಳೀತಿದೆ ಅಂತ ನೋಡ್ತಾರೆ. ನಾನು ಎಲೆ ಮಗುಚಿ ಬೆನ್ನು ನೋಡ್ತೀನಿ. ಅಲ್ಲಿ ಒಂದು ತೂತಾದ್ರೂ ಇರಬೇಕು. ಒಂದು ಚುಕ್ಕೆ, ಮೊಟ್ಟೆ ಇಟ್ಟ ಗುರುತು, ಯಾರೋ ಬಂದು ಕಚ್ಚಿ ಹೋಗಿರೋ ಸಾಕ್ಷಿ. ಇದ್ರೆ ಸಮಾಧಾನ. ಸರಿ, ಇದನ್ನ ಬಲ್ಲೋರು ಇಲ್ಲಿ ಇದ್ದಾರೆ, ಇದು ಮಿತಿ ಮೀರಿದ್ರೆ ಹೇಳೋರು ಕೇಳೋರು ಇದ್ದಾರೆ ಅಂತ. ಏನೂ ಇಲ್ದೆ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಅಂತಿದ್ರೆ ಅನುಮಾನ ಶುರುವಾಗುತ್ತೆ. ಯಾಕೆ ಯಾರೂ ಇದರ ತಂಟೆಗೆ ಬಂದಿಲ್ಲ? ಎಲ್ಲಿಂದ ಬಂತು? ಹಿಂದೆ ಯಾರನ್ನ ಬಿಟ್ಟು ಬಂತು? ಬಾಡಿಗೆಗೆ ಮನೆ ಕೇಳಿಕೊಂಡು ಬಂದೋನು ಹಿಂದಿನ ಮನೆಯೋರ ಸುದ್ದಿಯೇ ಎತ್ತದಿದ್ರೆ ನೀವು ಕೀಲಿಕೈ ಕೊಡ್ತೀರಾ? ಇದೂ ಹಾಗೇ. ಮೊದಲು ನಾನು ಹೀಗಿರಲಿಲ್ಲ. ಗಿಡಗಳನ್ನ ನಂಬ್ತಿದ್ದೆ, ಮನುಷ್ಯರನ್ನ ಮಾತ್ರ ನಂಬ್ತಿರಲಿಲ್ಲ. ಆ ವರ್ಷ ದೊಡ್ಡಮರದ ಸಸಿಗಳು ಸತ್ತವಲ್ಲ, ಆಮೇಲೆ ಅದು ತಿರುವುಮುರುವಾಯ್ತು. ಪೂರ್ತಿ ಅಲ್ಲ. ಅರ್ಧ."

ಹೀಗೆಂದವಳು ನಮ್ಮ ಹಿತ್ತಿಲ ಗೋಡೆಗೆ ತಾಗಿಕೊಂಡಿರುವ ನರ್ಸರಿಯ ಹಿರಿಸೊಸೆ. ಬೀದಿಯವರು ಅವಳನ್ನು ಬೆನ್ನ ಹಿಂದೆ ಸಂಶಯಕ್ಕ ಎನ್ನುತ್ತಾರೆ. ಅವಳಿಗೆ ಅದು ಗೊತ್ತು. ಯಾರ್ಯಾರು ಎನ್ನುತ್ತಾರೆ ಎನ್ನುವುದೂ ಗೊತ್ತು.

ಹಾಲು ತಂದವನ ಎದುರಿಗೇ ಹಾಲು ಮೂಸುತ್ತಾಳೆ. ಬೀಗ ಹಾಕಿದ ಮೇಲೆ ಜಗ್ಗಿ ನೋಡಿ, ಸ್ವಲ್ಪ ದೂರ ಹೋಗಿ, ತಿರುಗಿ ಬಂದು ಮತ್ತೆ ಜಗ್ಗುತ್ತಾಳೆ. ಇವತ್ತು ಮಳೆ ಬರುತ್ತದಂತೆ ಎಂದರೆ ಯಾರು ಹೇಳಿದ್ದು ಎಂದು ಕೇಳುತ್ತಾಳೆ. ಗಂಡ ಬೇಗ ಮನೆಗೆ ಬಂದರೂ ಅನುಮಾನ, ತಡವಾಗಿ ಬಂದರೂ ಅನುಮಾನ. ಹೊತ್ತಿಗೆ ಸರಿಯಾಗಿ ಬಂದರಂತೂ ಇನ್ನೂ ಹೆಚ್ಚು. ಆದರೆ ಕೂದಲೆಳೆಯಂಥ ಸಸಿಯನ್ನು ಚಮಚದ ಹಿಡಿಯಿಂದ ಎಬ್ಬಿಸಿ, ಬೇರು ಹರಿಯದ ಹಾಗೆ ಬೇರೆ ಕುಂಡಕ್ಕೆ ಇಳಿಸುವಾಗ ಆ ಮುಖ ಬೇರೆಯೇ. ಗಂಟು ಹಾಕಿದ ಹುಬ್ಬು ಬಿಚ್ಚಿಕೊಳ್ಳುತ್ತದೆ. ಸಸಿಮನೆಯ ಒಳಗೆ ಮಾತ್ರ ಅವಳು ಯಾರ ಮೇಲೂ ಕಣ್ಣಿಟ್ಟವಳ ಹಾಗೆ ಕಾಣುತ್ತಿರಲಿಲ್ಲ.

ಅಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದವಳು ಓರಗಿತ್ತಿ, ಮೈದುನನ ಹೆಂಡತಿ. ಬೀದಿ ಅವಳಿಗೂ ಹೆಸರಿಟ್ಟಿತ್ತು: ಮಾತಿನಮಲ್ಲಿ. ಬೆಳಿಗ್ಗೆ ಸಸಿಮನೆ, ಹೊತ್ತೇರಿದ ಮೇಲೆ ಮುಂದಿನ ಅಂಗಡಿ. ಗುಲಾಬಿ ಕೇಳಿ ಬಂದವರಿಗೆ ತುಳಸಿಯನ್ನೂ, ತುಳಸಿ ಕೇಳಿ ಬಂದವರಿಗೆ ದೊಡ್ಡ ಕುಂಡವನ್ನೂ ಮಾರಿ ಕಳಿಸುವ ನಾಲಿಗೆ. ಒಮ್ಮೆ ಅವಳಿಗೆ ಜ್ವರ ಬಂದು ಸಂಶಯಕ್ಕ ಅಂಗಡಿಯಲ್ಲಿ ನಿಂತಿದ್ದಳು. ಹೂವಿನ ಗಿಡ ಕೇಳಿದ ಹೆಂಗಸಿನ ಕೈಯನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಮನೇಲಿ ಇದು ಸಾಯುತ್ತೆ, ಬೇಡ ಬಿಡಿ ಎಂದಳಂತೆ. ಆ ದಿನ ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಬೇಕಾಯಿತು.

ಮನೆಗೆ ಯಜಮಾನ ಮಾವ. ಬೀದಿಗೆ ಅವನು ಕುಂಡದಜ್ಜ. ಇಬ್ಬರು ಗಂಡುಮಕ್ಕಳು ಗಿಡಗಳನ್ನು ಗಾಡಿಗೆ ಹೇರಿಕೊಂಡು ಊರು ಸುತ್ತುತ್ತಾರೆ. ಅವರ ಮಾತು ಮನೆಯಲ್ಲಿ ಅಷ್ಟಾಗಿ ನಡೆಯುವುದಿಲ್ಲ, ಅವರೂ ನಡೆಸಲು ಹೋಗುವುದಿಲ್ಲ.

ನರ್ಸರಿಯ ಮೂಲೆಯಲ್ಲಿ ಒಂದು ಮರವಿದೆ. ಅದರ ನಿಜವಾದ ಹೆಸರು ಯಾರಿಗೂ ಬೇಕಾಗಿಲ್ಲ, ಎಲ್ಲರಿಗೂ ಅದು ದೊಡ್ಡಮರ. ಅಜ್ಜನ ಅಪ್ಪ ನೆಟ್ಟದ್ದು. ಅದರ ಕೆಳಗೆ ಒಂದು ಕಬ್ಬಿಣದ ಕುರ್ಚಿ, ಕುರ್ಚಿಯಲ್ಲಿ ಹಗಲೆಲ್ಲ ಅಜ್ಜ. ಆ ಮರದ ಸಸಿಗೆ ಸುತ್ತಮುತ್ತ ಬೇಡಿಕೆ ಇತ್ತು, ಏಕೆಂದರೆ ಅದರ ನೆರಳು ದಟ್ಟ. ಬೀಜ ಬಿತ್ತುವ ದಿನ ಅಜ್ಜ ಬೇರೆ ಯಾರಿಗೂ ಬಿಡದೆ ತಾನೇ ಮರದ ಬುಡ ಕೆದಕಿ, ಕಪ್ಪು ಮಣ್ಣು ತೆಗೆದು, ಒಂದೊಂದು ಕುಂಡಕ್ಕೂ ಒಂದೊಂದು ಚಿಟಿಕೆ ಹಾಕುತ್ತಿದ್ದ. ಅದಕ್ಕೆ ಅವನು ಇಟ್ಟ ಹೆಸರು ಮಡಿಲ ಮಣ್ಣು. ತಾಯಿಯ ವಾಸನೆ ಸಿಕ್ಕಿದರೆ ಮಗು ಹೆದರುವುದಿಲ್ಲ ಎನ್ನುತ್ತಿದ್ದ. ಮಕ್ಕಳು ಸಣ್ಣವರಿರುವಾಗಲೇ ಅಜ್ಜನ ಹೆಂಡತಿ ತೀರಿಕೊಂಡಿದ್ದಳು. ತಾಯಿಯಿಲ್ಲದ ಮಕ್ಕಳನ್ನು ಸಾಕುವುದೆಂದರೆ ಏನೆಂದು ಕಂಡವನು. ಆದ್ದರಿಂದ ಸೊಸೆಯಂದಿರು ಆ ಮಣ್ಣಿನ ವಿಷಯಕ್ಕೆ ಬಾಯಿ ಹಾಕುತ್ತಿರಲಿಲ್ಲ. ಬಿತ್ತಿದ್ದರಲ್ಲಿ ಒಂದಿಷ್ಟು ಸಾಯುತ್ತಿದ್ದವು, ಒಂದಿಷ್ಟು ಉಳಿಯುತ್ತಿದ್ದವು. ಬೀಜ ಎಂದ ಮೇಲೆ ಅಷ್ಟೇ ಎಂದುಕೊಳ್ಳುತ್ತಿದ್ದರು.

ಆ ವರ್ಷ ಊರಾಚೆ ಹೊಸ ರಸ್ತೆ ಬಿತ್ತು. ಎರಡೂ ಬದಿಗೆ ನೆಡಲು ದೊಡ್ಡಮರದ ಸಸಿ ಬೇಕೆಂದು ಪುರಸಭೆಯ ತೋಟಗಾರ ಬಂದು ಹೇಳಿ ಹೋದ. ಅಜ್ಜ ಸೊಸೆಯಂದಿರಿಬ್ಬರನ್ನೂ ಮರದ ಕೆಳಗೆ ಕರೆದ. ತನಗೆ ಮಂಡಿ ಕೈಕೊಟ್ಟಿದೆ, ಸಸಿಮನೆಯನ್ನು ಇನ್ನು ಒಬ್ಬರ ಕೈಗೆ ಕೊಡಬೇಕು ಎಂದ. ಎಡಗಡೆಯ ಸಾಲು ದೊಡ್ಡವಳದು, ಬಲಗಡೆಯದು ಚಿಕ್ಕವಳದು. ಯಾರ ಸಸಿ ಚೆನ್ನಾಗಿ ಏಳುತ್ತವೋ ಸಸಿಮನೆ ಅವಳದು. ಇನ್ನೊಬ್ಬಳು ಅಂಗಡಿ ನೋಡಿಕೊಳ್ಳಬೇಕು, ಸಸಿಮನೆಯ ಕಡೆ ತಲೆ ಹಾಕಬಾರದು.

ಮಾತಿನಮಲ್ಲಿಗೆ ಅದು ಮಾನದ ಪ್ರಶ್ನೆ, ಬರೀ ಬಾಯಿ ಇದ್ದವಳು ಎಂಬ ಮಾತು ಕೇಳಿ ಕೇಳಿ ಸಾಕಾಗಿತ್ತು. ಸಂಶಯಕ್ಕನಿಗೆ ಅದು ಉಸಿರಿನ ಪ್ರಶ್ನೆ. ಜೀವನವಿಡೀ ಅಂಗಡಿಯ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ಹಲ್ಲು ಕಿರಿಯುವುದನ್ನು ನೆನೆದೇ ಅವಳು ಆ ದಿನ ಊಟದ ತಟ್ಟೆ ಬಿಟ್ಟು ಎದ್ದಳು.

ಗಂಡಂದಿರಿಬ್ಬರೂ ಸೇರಿ ಸಸಿಮನೆಯ ಹಳೆಯ ಚಾಪೆ ಕಿತ್ತು ಪ್ಲಾಸ್ಟಿಕ್ ಹಾಳೆ ಹೊದೆಸಿದರು. ಹೊಸ ಕಾಲದ ಸಸಿಮನೆ ಎಂದು ಹೆಮ್ಮೆ. ಒಳಗೆ ಕಾಲಿಟ್ಟರೆ ಕುದಿಯುವ ಪಾತ್ರೆಯ ಮುಚ್ಚಳ ತೆರೆದ ಹಾಗೆ ಮುಖಕ್ಕೆ ಹಬೆ ಹೊಡೆಯುತ್ತಿತ್ತು.

ಬೀಜ ಮೊಳೆಯಿತು, ಎರಡೆಲೆ ಬಿಚ್ಚಿತು. ಒಂದು ಬೆಳಿಗ್ಗೆ ಎಡಗಡೆಯ ಸಾಲಿನಲ್ಲಿ ಕೆಲವು ಸಸಿಗಳು ಮಲಗಿದ್ದವು. ಎಲೆ ಇನ್ನೂ ಹಸಿರು. ಬುಡದಲ್ಲಿ ಮಾತ್ರ, ಮಣ್ಣಿಗೆ ತಾಗುವಲ್ಲಿ, ಯಾರೋ ಉಗುರಿನಿಂದ ಚಿವುಟಿದ ಹಾಗೆ ಕಂದಿ ಸಣ್ಣಗಾಗಿತ್ತು.

ಉಗುರು ಎಂದು ತಲೆಗೆ ಬಂದದ್ದೇ ತಡ, ಸಂಶಯಕ್ಕ ಓರಗಿತ್ತಿಯ ಉಗುರು ನೋಡತೊಡಗಿದಳು. ಊಟಕ್ಕೆ ಬಡಿಸುವಾಗ, ತರಕಾರಿ ಹೆಚ್ಚುವಾಗ, ನೀರಿನ ಚೊಂಬು ಕೊಡುವಾಗ. ಏನು ಅಕ್ಕ, ಕೈಗೆ ಏನಾದರೂ ಮೆತ್ತಿದೆಯಾ ಎಂದು ಅವಳು ಕೇಳಿದರೆ, ಇಲ್ಲ, ಬಳೆ ಹೊಸದೋ ಎಂದು ನೋಡಿದೆ ಎನ್ನುತ್ತಿದ್ದಳು. ಬಳೆ ಮದುವೆಯ ಕಾಲದ್ದು.

ದಿನ ಹೋದಂತೆ ಇನ್ನಷ್ಟು ಸಸಿ ಬಿದ್ದವು. ಬಟ್ಟೆ ಸೋಡಾ ಕಲಸಿದ ನೀರು ಹಾಕುತ್ತಿದ್ದಾಳೋ ಎಂದು ಮಣ್ಣು ನಾಲಿಗೆಗೆ ಹಚ್ಚಿ ನೋಡಿದಳು. ಬಿಸಿನೀರು ಹೊಯ್ಯುತ್ತಿದ್ದಾಳೋ ಎಂದು ಒಲೆಯ ಮೇಲಿನ ಪಾತ್ರೆಗಳ ಮೇಲೆ ಕಣ್ಣಿಟ್ಟಳು. ಸಸಿಮನೆಯ ಹೊಸ್ತಿಲ ಒಳಗೆ ತೆಳ್ಳಗೆ ಬೂದಿ ಉದುರಿಸಿ, ಬೆಳಿಗ್ಗೆ ಹೆಜ್ಜೆ ಗುರುತು ಹುಡುಕಿದಳು. ಬೂದಿಯಲ್ಲಿ ಸಿಕ್ಕಿದ್ದು ಒಂದು ಬೆಕ್ಕಿನ ಪಾದ ಮತ್ತು ಅವಳ ಸ್ವಂತ ಗಂಡನ ಚಪ್ಪಲಿ. ಬೀಡಿ ಬಿಟ್ಟೆನೆಂದು ಆಣೆ ಹಾಕಿದ್ದ ಮನುಷ್ಯ, ಸಸಿಮನೆಯ ಮೂಲೆಯಲ್ಲಿ ನಿಂತು ಸೇದುತ್ತಿದ್ದ. ಅವನ ಗ್ರಹಚಾರ ಬಿಡಿಸಿದ್ದಾಯಿತು. ಸಸಿಗಳು ಮಾತ್ರ ಬೀಳುತ್ತಲೇ ಇದ್ದವು.

ಬಲಗಡೆಯ ಸಾಲಿನಲ್ಲೂ ಬೀಳತೊಡಗಿದವು. ಅಲ್ಲಿಗೆ ಇನ್ನೊಬ್ಬರಾದರೆ ಓರಗಿತ್ತಿಯ ಮೇಲಿನ ಅನುಮಾನ ಬಿಡುತ್ತಿದ್ದರು. ಸಂಶಯಕ್ಕನಿಗೆ ಅದು ಗಟ್ಟಿಯಾಯಿತು. ತನ್ನ ಮೇಲೆ ಗುಮಾನಿ ಬರಬಾರದೆಂದು ತನ್ನದನ್ನೂ ಅಷ್ಟಿಷ್ಟು ಚಿವುಟಿಕೊಂಡಿದ್ದಾಳೆ ಎಂದುಕೊಂಡಳು. ತಮಾಷೆಯೆಂದರೆ ಮಾತಿನಮಲ್ಲಿಯೂ ಇವಳ ಬಗ್ಗೆ ಅಕ್ಷರ ಬಿಡದೆ ಅದನ್ನೇ ಅಂದುಕೊಂಡಿದ್ದಳು. ಇದು ನನಗೆ ಗೊತ್ತಾದದ್ದು ಆಮೇಲೆ, ಇಬ್ಬರೂ ಬೇರೆ ಬೇರೆಯಾಗಿ ಹೇಳಿದಾಗ.

ಅಜ್ಜ ಸಸಿಗಳನ್ನು ನೋಡಿ ಮರುಗಿದ. ಪಾಪ, ಮಕ್ಕಳು ಹೆದರಿವೆ ಎಂದ. ಮತ್ತೆ ಬಿತ್ತಿಸಿದ. ಈ ಸಲ ಮಡಿಲ ಮಣ್ಣು ಚಿಟಿಕೆಯಲ್ಲ, ಹಿಡಿ ಹಿಡಿ ಹಾಕಿದ. ಮಂಡಿ ನೋವಿನಲ್ಲೂ ಬುಟ್ಟಿ ಎತ್ತಿಕೊಂಡು ಕುಂಡದಿಂದ ಕುಂಡಕ್ಕೆ ತಾನೇ ಓಡಾಡಿದ. ಎರಡನೆಯ ಸಲ ಬಿತ್ತಿದ್ದು ಮೊದಲಿನದಕ್ಕಿಂತ ಬೇಗ ಮಲಗಿತು.

ಮಣ್ಣೇ ಕೆಟ್ಟಿದೆಯೇನೋ ಎಂದು ಮೈದುನ ಒಂದು ಮಾತು ಹೇಳಿ ನೋಡಿದ. ಅದಕ್ಕೆ ಉತ್ತರವನ್ನು ಬಳ್ಳಿ ಕೊಟ್ಟಿತು.

ಬಳ್ಳಿಯ ಕಥೆ ಹೇಳಬೇಕು. ಹಡಗಿನಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬ ಎಲ್ಲಿಂದಲೋ ತಂದ ತುಂಡು ಅದು. ಬದನೆಯ ಬಣ್ಣದ ಹೂ. ಎಲೆಯ ಮೇಲೆ ಒಂದು ಗೀರು ಇಲ್ಲ. ಅಂಗಡಿಯಲ್ಲಿ ಅದಕ್ಕೇ ಮೊದಲ ಜಾಗ. ಹುಳ ಇಲ್ಲ, ರೋಗ ಇಲ್ಲ, ನೀರು ಮರೆತರೂ ಸಾಯಲ್ಲ, ಇಂಥ ಸೊಸೆ ಸಿಕ್ಕಿದ್ರೆ ಯಾರಿಗೆ ಬೇಡ ಎಂದು ಮಾತಿನಮಲ್ಲಿ ಕೂಗಿ ಮಾರುತ್ತಿದ್ದಳು. ಅದರ ಬೀಜ ಗಾಳಿಗೆ ಹಾರಿ ಸಸಿಮನೆಗೂ ಬಿದ್ದಿತ್ತು. ದೊಡ್ಡಮರದ ಸಸಿ ಸತ್ತ ಕುಂಡಗಳಲ್ಲಿ, ಅದೇ ಮಣ್ಣಿನಲ್ಲಿ, ಅದೇ ಮಡಿಲ ಮಣ್ಣಿನಲ್ಲಿ, ಬಳ್ಳಿ ತಲೆ ಎತ್ತಿ ಸೊಕ್ಕಿ ಬೆಳೆದಿತ್ತು.

"ಮಣ್ಣು ಕೆಟ್ಟಿದ್ರೆ ಇದು ಹೀಗೆ ಏಳ್ತಿತ್ತಾ?" ಎಂದ ಅಜ್ಜ.

ಮಣ್ಣು ನಿರಪರಾಧಿ ಎಂದಾಯಿತು. ಹಾಗಾದರೆ ಉಳಿದದ್ದು ಕೈ. ಮನೆಯಲ್ಲಿ ಆ ಸಸಿ ಬೀಳಲಿ ಎನ್ನುವ ಕೈ ಯಾವುದು? ಅಜ್ಜನೂ ಈಗ ಇಬ್ಬರನ್ನೂ ಒಂದು ಥರ ನೋಡತೊಡಗಿದ. ಅಡುಗೆಮನೆಯಲ್ಲಿ ಮಾತು ನಿಂತು, ಪಾತ್ರೆಗಳ ಸದ್ದು ಮಾತ್ರ ಉಳಿಯಿತು. ತೋಟಗಾರ ಮತ್ತೆ ಬರುವ ಹೊತ್ತಿಗೆ ಸಸಿ ಏಳದಿದ್ದರೆ ಇಬ್ಬರನ್ನೂ ಅಂಗಡಿಗೆ ಕೂರಿಸಿ ಸಸಿಮನೆಗೆ ಹೊರಗಿನವರನ್ನು ಇಡುತ್ತೇನೆ ಎಂದು ಅಜ್ಜ ಹೇಳಿಬಿಟ್ಟ.

ಸಂಶಯಕ್ಕ ಆಗ ಒಂದು ಉಪಾಯ ಹೂಡಿದಳು. ತೂತು ಬಿದ್ದ ಹಳೆಯ ಬೇಸಿನ್ ಒಂದನ್ನು ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ ಅಡಗಿಸಿ, ಅದರಲ್ಲಿ ದೊಡ್ಡಮರದ ಬೀಜ ಬಿತ್ತಿದಳು. ಮಡಿಲ ಮಣ್ಣು ಹಾಕೋಣವೆಂದರೆ ಮರದ ಕೆಳಗೆ ಅಜ್ಜ ಕೂತಲ್ಲಿಂದ ಏಳುವುದಿಲ್ಲ. ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಚರಂಡಿಯ ಅಂಚಿನ ಮಣ್ಣನ್ನೇ ಬಾಚಿಕೊಂಡು ಹೋದಳು. ದಿನವೂ ಒಗೆದ ಬಟ್ಟೆಯ ನೆಪದಲ್ಲಿ ಮೇಲೆ ಹೋಗುವಳು. ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಗುಚಿ ಹಾಕುವುದನ್ನು ನಮ್ಮ ಹಿತ್ತಿಲಿನಿಂದ ನೋಡಿ, ಇವಳಿಗೇನಾಯಿತಪ್ಪ ಎಂದುಕೊಂಡಿದ್ದೆ.

ಬೇಸಿನ್ನಿನ ಸಸಿಗಳು ಎದ್ದವು. ಒಂದೂ ಬೀಳಲಿಲ್ಲ. ನಾಲ್ಕೆಲೆಯಾಗಿ, ಕಾಂಡ ಗಟ್ಟಿಯಾಗಿ, ಸೈನಿಕರ ಹಾಗೆ ನಿಂತವು. ಸಂಶಯಕ್ಕನಿಗೆ ಒಂದು ಕಣ್ಣಲ್ಲಿ ಸಂತೋಷ, ಇನ್ನೊಂದರಲ್ಲಿ ಸಿಟ್ಟು. ಓರಗಿತ್ತಿಯ ಕೈ ತಲುಪದ ಕಡೆ ಸಸಿ ಬದುಕಿದೆ. ಇನ್ನೇನು ಸಾಕ್ಷಿ ಬೇಕು?

ಮಧ್ಯಾಹ್ನದ ಊಟವಾಗಿ ಎಲ್ಲರೂ ಮರದ ಕೆಳಗಿರುವಾಗ ಬೇಸಿನ್ ಹೊತ್ತು ತಂದು ಅಜ್ಜನ ಕಾಲ ಬಳಿ ಇಟ್ಟಳು.

"ನೋಡಿ ಮಾವ. ಇದನ್ನ ನಾನು ಯಾರಿಗೂ ಹೇಳದೆ ಬೆಳೆಸಿದ್ದು. ಯಾರಿಗೂ ಹೇಳದೇ ಇದ್ದದ್ದಕ್ಕೇ ಬದುಕಿದೆ. ಯಾರು ಅಂತ ನಾನು ಹೇಳಲ್ಲ. ಕಣ್ಣಿದ್ದೋರು ನೋಡಲಿ."

ಮಾತಿನಮಲ್ಲಿ ಬೇಸಿನ್ ನೋಡಿದಳು. ಎದ್ದು ಅಂಗಡಿಯ ಹಿಂಭಾಗಕ್ಕೆ ಹೋದಳು. ಗೋಣಿ ಸರಿಸುವ ಸದ್ದು ಕೇಳಿತು. ಬರುವಾಗ ಅವಳ ಕೈಯಲ್ಲಿ ಒಡೆದ ಬಕೆಟ್ ಇತ್ತು. ಅದರ ತುಂಬ ದೊಡ್ಡಮರದ ಸಸಿ, ನಾಲ್ಕೆಲೆ, ಗಟ್ಟಿ ಕಾಂಡ. ಬೇಸಿನ್ನಿನ ಪಕ್ಕಕ್ಕೇ ತಂದು ಇಟ್ಟಳು.

"ಇದೂ ಯಾರಿಗೂ ಹೇಳದೆ ಬೆಳೆಸಿದ್ದೇ ಅಕ್ಕ," ಎಂದಳು. "ನಿಮ್ಮ ಕೈಗೆ ಸಿಗದೇ ಇರಲಿ ಅಂತ."

"ನನ್ನ ಕೈಗಾ?"

"ಮತ್ತೆ ಯಾರ ಕೈಗೆ? ದಿನಾ ನನ್ನ ಉಗುರು ನೋಡ್ತೀರಲ್ಲ, ನಿಮ್ಮದನ್ನ ಯಾರು ನೋಡಬೇಕು?"

"ನನ್ನ ಬೇಸಿನ್ನಿಂದ ಕಿತ್ತು ನೆಟ್ಕೊಂಡಿದ್ದೀಯ ಇದನ್ನ."

"ಟ್ಯಾಂಕಿನ ಹಿಂದೆ ಬೇಸಿನ್ ಇರೋದು ನನಗೆ ಈಗ ಗೊತ್ತಾಯ್ತು. ಗೊತ್ತಿದ್ದಿದ್ರೆ," ಎಂದು ಅರ್ಧಕ್ಕೆ ನಿಲ್ಲಿಸಿದಳು.

ಗಂಡಂದಿರಿಬ್ಬರೂ ಗಾಡಿ ತೊಳೆಯುವ ಕೆಲಸ ನೆನಪಾಗಿ ಎದ್ದು ಹೋದರು. ಅಜ್ಜ ಎರಡನ್ನೂ ಬಗ್ಗಿ ನೋಡಿದ. ಬೆರಳಿನಿಂದ ಕಾಂಡ ಒತ್ತಿದ. ಮಣ್ಣು ಮುಟ್ಟಿದ. ಅವನ ಮುಖ ಬಾಡಿತು.

"ಮಡಿಲ ಮಣ್ಣು ಹಾಕಿದ್ರಾ ಇಬ್ಬರೂ?"

ಇಬ್ಬರೂ ತಲೆ ತಗ್ಗಿಸಿದರು. ಚರಂಡಿ ಅಂಚಿನದು ಎಂದಳು ಒಬ್ಬಳು. ಅಂಗಡಿ ಮುಂದೆ ರಸ್ತೆ ಅಗೆದದ್ದು ಎಂದಳು ಇನ್ನೊಬ್ಬಳು. ಕೇಳಿ ಹಾಕಿಸಿಕೊಳ್ಳೋಕೆ ಆಗಲಿಲ್ಲ ಮಾವ ಎಂದು ಇಬ್ಬರೂ ತಪ್ಪು ಮಾಡಿದವರ ಹಾಗೆ ಹೇಳಿದರು. ಪರದೇಶಿಗಳ ಹಾಗೆ ಬೆಳೆಸಿದ್ದೀರಿ ಎಂದು ಅಜ್ಜ ನೊಂದುಕೊಂಡ.

ಆ ಮಾತು ಕೇಳಿದ ಕ್ಷಣದಲ್ಲೇ ತನಗೆ ಹೊಳೆಯಿತು ಎಂದು ಸಂಶಯಕ್ಕ ಹೇಳುತ್ತಾಳೆ. ಮಡಿಲ ಮಣ್ಣು ಬಿದ್ದ ಸಸಿಗಳೆಲ್ಲ ಸತ್ತಿವೆ. ಆ ಮಣ್ಣು ಬೀಳದ ಎರಡೂ ಪಾತ್ರೆಯ ಸಸಿಗಳು ನಿಂತಿವೆ. ತಲೆ ಎತ್ತಿ ಓರಗಿತ್ತಿಯನ್ನು ನೋಡಿದಳು. ಅವಳೂ ಇವಳನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಒಂದು ಅನುಮಾನವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡವಳಲ್ಲ ಸಂಶಯಕ್ಕ. ಆ ದಿನ ಮೊದಲ ಸಲ ಒಂದನ್ನು ನುಂಗಿದಳು.

ಮರುದಿನ ಬಿದ್ದ ಸಸಿಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಕೊಂಡು ಇಬ್ಬರೂ ಕೃಷಿ ಕಚೇರಿಗೆ ಹೋದರು. ಒಬ್ಬಳೇ ಹೋದರೆ ಏನು ಹೇಳಿ ಬರುತ್ತಾಳೋ ಎಂದು ಇನ್ನೊಬ್ಬಳು ಬಿಡಲಿಲ್ಲ. ಅಲ್ಲಿ ಗಿಡದ ರೋಗ ನೋಡುವ ಒಬ್ಬ ಹೆಣ್ಣುಮಗಳು, ಎಲ್ಲರೂ ಡಾಕ್ಟರಮ್ಮ ಎನ್ನುವವಳು. ಸಸಿಯ ಬುಡ ಸೀಳಿ, ಭೂತಗನ್ನಡಿಯ ಕೆಳಗಿಟ್ಟು, ಕಣ್ಣು ಕಿರಿದು ಮಾಡಿ ನೋಡಿದಳು. ಮಣ್ಣಿನ ಬೂಷ್ಟು ಎಂದಳು. ಚಿವುಟಿದ್ದು ಉಗುರಲ್ಲ, ಅದೇ.

ಸಂಶಯಕ್ಕ ಅಷ್ಟಕ್ಕೆ ಬಿಡಲಿಲ್ಲ. ಅದೇ ಮಣ್ಣಲ್ಲಿ ಬಳ್ಳಿ ಹೇಗೆ ಬೆಳೆಯಿತು ಎಂದಳು. ದೊಡ್ಡಮರ ಯಾಕೆ ಸತ್ತಿಲ್ಲ ಎಂದಳು. ಡಾಕ್ಟರಮ್ಮ ಬೇಸರ ಮಾಡಿಕೊಳ್ಳದೆ ಬಿಡಿಸಿ ಹೇಳಿದಳು. ಒಂದು ಜಾತಿಯ ಮರ ಬಹಳ ಕಾಲ ನಿಂತ ಕಡೆ ಅದನ್ನು ತಿನ್ನುವ ಬೂಷ್ಟೂ ಹುಳವೂ ಸುತ್ತ ಸಂಸಾರ ಹೂಡಿರುತ್ತವೆ. ಬಲಿತ ಮರಕ್ಕೆ ಅದು ತುರಿಕೆ ಇದ್ದ ಹಾಗೆ, ತಡೆದುಕೊಳ್ಳುತ್ತದೆ. ಎಳೆಯ ಸಸಿಗೆ ಆಗುವುದಿಲ್ಲ. ಅದರಲ್ಲೂ ಗಾಳಿಯಾಡದ ಹಬೆಯಲ್ಲಿ ಬೂಷ್ಟಿಗೆ ಹಬ್ಬ.

"ಹಾಗಾದ್ರೆ ಮರ ತನ್ನ ಮಕ್ಕಳನ್ನ ತಾನೇ ತಿನ್ನುತ್ತಾ?" ಎಂದಳು ಸಂಶಯಕ್ಕ.

"ಮರ ತಿನ್ನಲ್ಲಮ್ಮ. ಮರದ ಜೊತೆ ಇರೋರು ತಿಂತಾರೆ. ಹಕ್ಕಿ ದೂರ ಒಯ್ದು ಹಾಕಿದ ಬೀಜ ಬದುಕುತ್ತೆ, ಕಾಲ ಬುಡದಲ್ಲಿ ಬಿದ್ದದ್ದು ಸಾಯುತ್ತೆ. ಆ ಜಾಗ ಬೇರೆ ಗಿಡದ ಮಕ್ಕಳಿಗೆ ಸಿಗುತ್ತೆ. ಹಾಗಿಲ್ದೇ ಇದ್ದಿದ್ರೆ ಊರೆಲ್ಲ ಇದೊಂದೇ ಮರ ಇರ್ತಿತ್ತು."

ಬಳ್ಳಿಯ ಮಾತು ಬಂದಾಗ ಡಾಕ್ಟರಮ್ಮನ ಮುಖ ಬದಲಾಯಿತಂತೆ. ಅದರ ಬೂಷ್ಟೂ ಹುಳವೂ ಅದರ ತವರಿನಲ್ಲೇ ಉಳಿದಿವೆ, ಹಡಗು ಹತ್ತಿದ್ದು ಬಳ್ಳಿ ಮಾತ್ರ, ಇಲ್ಲಿನ ಯಾವುದಕ್ಕೂ ಅದರ ರುಚಿ ಇನ್ನೂ ಗೊತ್ತಿಲ್ಲ ಎಂದಳು. ಬೇಲಿ ದಾಟಿದೆಯಾ ಎಂದು ಕೇಳಿದಳು. ಇಲ್ಲ, ಬೇಲಿಯ ಮೇಲಿದೆ ಅಷ್ಟೇ ಎಂದಳು ಮಾತಿನಮಲ್ಲಿ. ಚರಂಡಿ ದಾಟಿ ಶಾಲೆಯ ಕಾಂಪೌಂಡ್ ಹತ್ತಿದೆ, ಸುಳ್ಳು ಹೇಳಬೇಡ ಎಂದಳು ಸಂಶಯಕ್ಕ.

ದಾರಿಯುದ್ದಕ್ಕೂ ಸಂಶಯಕ್ಕ ಗೊಣಗಿದಳು. ಔಷಧಿ ಮಾರಲಿಲ್ಲ, ಪುಡಿ ಕೊಡಲಿಲ್ಲ, ಇಷ್ಟು ಹೊತ್ತು ಪುಕ್ಕಟೆ ಯಾಕೆ ಮಾತಾಡಿದಳು, ಇದರಲ್ಲಿ ಏನೋ ಇದೆ. ಮಾತಿನಮಲ್ಲಿ ನಕ್ಕುಬಿಟ್ಟಳು. ಎಷ್ಟೋ ವಾರಗಳ ಮೇಲೆ ಅವರಿಬ್ಬರ ನಡುವೆ ಕೇಳಿಬಂದ ನಗು ಅದು.

"ನಗು ಅತ್ಲಾಗಿರಲಿ, ಮಾವನಿಗೆ ಯಾರು ಹೇಳ್ತಾರೆ?"

"ನೀವೇ ಹಿರಿಯರು."

"ಬಾಯಿ ಇರೋದು ನಿನಗೆ."

"ಈ ಮಾತಿಗೆ ನನಗೂ ಬಾಯಿ ಇಲ್ಲ ಅಕ್ಕ."

ಹೇಳುವುದಕ್ಕೆ ಮುಂಚೆ ನಿಜವೋ ಸುಳ್ಳೋ ನೋಡಬೇಕು ಎಂದಳು ಸಂಶಯಕ್ಕ. ಅವಳ ಸ್ವಭಾವ ಆ ಮನೆಗೆ ಉಪಯೋಗಕ್ಕೆ ಬಂದದ್ದು ಅಲ್ಲೇ. ಮೂರು ಡಬ್ಬಿ ತೆಗೆದುಕೊಂಡರು. ಒಂದಕ್ಕೆ ಮಡಿಲ ಮಣ್ಣು ಇದ್ದ ಹಾಗೇ. ಒಂದಕ್ಕೆ ಅದೇ ಮಣ್ಣು, ಒಲೆಯ ಮೇಲೆ ಚೆನ್ನಾಗಿ ಬೇಯಿಸಿ ಆರಿಸಿದ್ದು. ಇನ್ನೊಂದಕ್ಕೆ ಚರಂಡಿಯ ಅಂಚಿನದು. ಮಣ್ಣನ್ನು ಅಜ್ಜ ಬಚ್ಚಲಿಗೆ ಹೋದಾಗ ಕದ್ದದ್ದು. ಡಬ್ಬಿಗಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಇಬ್ಬರ ಕೋಣೆಯ ಬಾಗಿಲಿಗೂ ಕಾಣುವ ಹಾಗೆ ಇಟ್ಟರು. ಒಬ್ಬಳು ನೀರು ಹಾಕಿದರೆ ಇನ್ನೊಬ್ಬಳು ಪಕ್ಕದಲ್ಲಿ ನಿಂತಿರಬೇಕು. ಆ ದಿನಗಳಲ್ಲಿ ಆ ಡಬ್ಬಿಗಳಿಗೆ ಇದ್ದಷ್ಟು ಕಾವಲು ಯಾವ ಖಜಾನೆಗೂ ಇರಲಿಲ್ಲ.

ಇದ್ದ ಹಾಗೇ ಹಾಕಿದ ಮಣ್ಣಿನಲ್ಲಿ ಸಸಿಗಳು ಎದ್ದು, ಬುಡ ಕಂದಿ, ಮಲಗಿದವು. ಬೇಯಿಸಿದ ಮಣ್ಣಿನಲ್ಲೂ ಚರಂಡಿಯ ಮಣ್ಣಿನಲ್ಲೂ ನಿಂತವು.

ಇನ್ನೂ ಹೇಗೆ ಹೇಳುವುದೆಂದು ಇಬ್ಬರೂ ತಿಣುಕುತ್ತಿರುವಾಗ, ಒಂದು ಸಂಜೆ ಅಜ್ಜ ಕೋಲೂರಿಕೊಂಡು ಕಲ್ಲಿನ ಬಳಿಗೆ ಬಂದ. ಮಂಡಿ ಹೋಗಿತ್ತೇ ಹೊರತು ಕಣ್ಣು ಹೋಗಿರಲಿಲ್ಲ. ದಿನವೂ ದೂರದಿಂದ ನೋಡುತ್ತಿದ್ದ. ಮೂರು ಡಬ್ಬಿಗಳ ಮುಂದೆ ನಿಂತ.

"ಇದರಲ್ಲಿ ನನ್ನದು ಯಾವುದು?" ಎಂದ.

ಇಡೀ ಬೀದಿಯ ಕಡೆ ಬೆರಳು ತೋರಿಸಿ ಬದುಕಿದವಳು ಸಂಶಯಕ್ಕ. ಆ ಬೆರಳು ಆಗ ಮೇಲೇಳಲಿಲ್ಲ. ಅಜ್ಜ ತಾನೇ ಬಗ್ಗಿ, ಮಲಗಿದ ಸಸಿಯೊಂದನ್ನು ಎತ್ತಿ, ಕಂದಿದ ಬುಡವನ್ನು ಕಣ್ಣ ಹತ್ತಿರ ಹಿಡಿದ.

"ಹಾಗಾದ್ರೆ ಚಿವುಟ್ತಾ ಇದ್ದದ್ದು ನಾನೇ."

"ನಿಮ್ಮ ಕೈ ಅಲ್ಲ ಮಾವ," ಎಂದಳು ಸಂಶಯಕ್ಕ. "ನಿಮ್ಮ ಕೈಯಲ್ಲಿ ಬಂದದ್ದು."

"ನಿನಗೆ ಯಾವಾಗಿಂದ ಅನುಮಾನ?"

"ಬೇಸಿನ್ನು ಬಕೆಟ್ಟು ಪಕ್ಕಪಕ್ಕ ಇಟ್ಟ ದಿನದಿಂದ."

"ಹೇಳಲಿಲ್ಲ ಯಾಕೆ? ಹಾಲು ತರೋನ ಮೇಲೂ ಹೇಳ್ತೀಯಲ್ಲ."

"ಬೇರೆಯೋರ ಮೇಲೆ ಹೇಳೋಕೆ ಅನುಮಾನ ಸಾಕು. ನಿಮ್ಮ ಮೇಲೆ ಹೇಳೋಕೆ ಸಾಕ್ಷಿ ಬೇಕಿತ್ತು."

ಮಣ್ಣು ಬೇಯಿಸಿ ಹಾಕಬಹುದು, ಮೊದಲಿನ ಹಾಗೇ ನೀವೇ ಹಾಕಿ ಎಂದು ಮಾತಿನಮಲ್ಲಿ ಸಮಾಧಾನ ಹೇಳಲು ಹೋದಳು. ಅಜ್ಜ ತಲೆ ಅಲ್ಲಾಡಿಸಿದ. ಬೇಯಿಸಿದ ಮೇಲೆ ಅದು ಮಡಿಲಾಗಿ ಉಳಿಯುವುದಿಲ್ಲ, ಅದು ಬೇಡ ಎಂದ. ಮಕ್ಕಳನ್ನು ದೂರ ಬಿತ್ತಿ ಎಂದ. ನಲ್ಲಿಯ ಬಳಿ ಹೋಗಿ ಕೈ ತೊಳೆದುಕೊಂಡ. ಬೆರಳ ಸಂದಿಯನ್ನೆಲ್ಲ ತಿಕ್ಕಿ ತಿಕ್ಕಿ ತೊಳೆದ.

ಸಸಿಮನೆ ಯಾರಿಗೆ ಎಂಬ ಮಾತು ಮರುದಿನ ಬೆಳಿಗ್ಗೆ ಅವನೇ ಎತ್ತಿದ. ಒಬ್ಬಳನ್ನು ಒಳಗೆ ಬಿಟ್ಟರೆ ಇನ್ನೊಬ್ಬಳು ಬಾಗಿಲಲ್ಲಿ ಬೂದಿ ಉದುರಿಸುತ್ತಾಳೆ, ಅದರ ಬದಲು ಇಬ್ಬರೂ ಒಳಗೇ ಇರಿ, ನನಗೂ ನೆಮ್ಮದಿ ಎಂದ. ಅಂಗಡಿಗೆ ಮಧ್ಯಾಹ್ನದ ಮೇಲೆ ಚಿಕ್ಕವಳು ಹೋಗಲಿ, ದೊಡ್ಡವಳು ಯಾವ ಕಾರಣಕ್ಕೂ ಹೋಗಬಾರದು, ಗಿರಾಕಿಗಳು ಉಳಿಯಬೇಕು ಎಂದ. ಸಂಶಯಕ್ಕ ಆ ತೀರ್ಪನ್ನು ಒಂದೇ ಏಟಿಗೆ ಒಪ್ಪಲಿಲ್ಲ. ಮಾವ ಇಷ್ಟು ಸುಲಭಕ್ಕೆ ಯಾಕೆ ಕೊಟ್ಟರು ಎಂದು ವಾರವೆಲ್ಲ ಯೋಚಿಸಿದಳಂತೆ. ಪ್ಲಾಸ್ಟಿಕ್ ಹಾಳೆಯ ಎರಡು ಪಕ್ಕವನ್ನೂ ಕತ್ತರಿಸಿ ಗಾಳಿ ಬಿಟ್ಟರು.

ತೋಟಗಾರ ಬಂದಾಗ ಬೇಸಿನ್, ಬಕೆಟ್, ಎರಡು ಡಬ್ಬಿಗಳಲ್ಲಿ ಉಳಿದದ್ದಷ್ಟೇ ಇತ್ತು. ಅವನು ಮುಖ ಸಿಂಡರಿಸಿದ. ಬಾಕಿ ಜಾಗಕ್ಕೆ ಬೇರೆ ಬೇರೆ ಜಾತಿಯ ಗಿಡ ಹಾಕು, ಒಂದರ ರೋಗ ಇನ್ನೊಂದಕ್ಕೆ ಹತ್ತುವುದಿಲ್ಲ ಎಂದು ಸಂಶಯಕ್ಕ ಅವನಿಗೆ ಹೇಳಿದಳು. ಅವನು ಬೇರೆ ದಾರಿಯಿಲ್ಲದೆ ಹಾಗೇ ಮಾಡಿದ. ಈಗ ಆ ರಸ್ತೆಯಲ್ಲಿ ಹೋದರೆ ಒಂದು ಮರದ ಹಾಗೆ ಇನ್ನೊಂದಿಲ್ಲ. ಕೆಲವರಿಗೆ ಅದು ಅಂದಗೇಡು ಅನ್ನಿಸುತ್ತದೆ.

ಬಳ್ಳಿಯ ಜಗಳ ಮಾತ್ರ ಬಹಳ ದಿನ ನಡೆಯಿತು. ಅಂಗಡಿಗೆ ಜನ ಬರುವುದೇ ಅದಕ್ಕಾಗಿ ಎಂದಳು ಮಾತಿನಮಲ್ಲಿ. ಅದೇ ಸುಳ್ಳು ಸಾಕ್ಷಿ ಹೇಳಿ ನಮ್ಮಿಬ್ಬರನ್ನೂ ಕಳ್ಳಿಯರನ್ನಾಗಿ ಮಾಡಿದ್ದು, ಮನೆಯೊಳಗೆ ಇಟ್ಟುಕೊಳ್ಳುತ್ತೀಯಾ ಎಂದಳು ಸಂಶಯಕ್ಕ. ಆ ಮಾತು ನಾಟಿತು. ಇಬ್ಬರೂ ಸೇರಿ ಅಂಗಡಿಯದನ್ನು ಬೇರುಸಹಿತ ಕಿತ್ತು ಒಣಗಿಸಿ ಸುಟ್ಟರು. ಬೇಲಿಯದನ್ನು ಕಿತ್ತರು. ಶಾಲೆಯ ಕಾಂಪೌಂಡಿನದು ಇನ್ನೂ ಇದೆ, ಕಿತ್ತಷ್ಟೂ ಬರುತ್ತದೆ. ಅದರ ಎಲೆಯ ಬೆನ್ನಲ್ಲಿ ಒಂದಾದರೂ ತೂತು ಬಿದ್ದಿದೆಯೇ ಎಂದು ಆ ಕಡೆ ಹೋದಾಗಲೆಲ್ಲ ಸಂಶಯಕ್ಕ ಮಗುಚಿ ನೋಡುತ್ತಾಳೆ. ಇಲ್ಲಿಯವರೆಗೆ ಬಿದ್ದಿಲ್ಲ.

ಓರಗಿತ್ತಿಯರು ಒಬ್ಬರನ್ನೊಬ್ಬರು ಕ್ಷಮಿಸಿ ಎಂದು ಕೇಳಿದ್ದನ್ನು ನಾನಂತೂ ಕಾಣೆ. ನೀನು ನನ್ನನ್ನು ಕಳ್ಳಿ ಅಂದುಕೊಂಡೆ ಎಂದು ಒಬ್ಬಳು, ನೀವೂ ಅಂದುಕೊಂಡಿರಿ ಎಂದು ಇನ್ನೊಬ್ಬಳು. ಅಲ್ಲಿಗೆ ಲೆಕ್ಕ ಸಮ. ಇವತ್ತಿಗೂ ಮಾತಿನಮಲ್ಲಿ ಬೀಜದ ಡಬ್ಬಿ ಮುಚ್ಚಿದ ಮೇಲೆ ಸಂಶಯಕ್ಕ ಹೋಗಿ ಮುಚ್ಚಳ ಒತ್ತಿ ಬರುತ್ತಾಳೆ. ಈಗ ಸಂಶಯಕ್ಕ ಮುಚ್ಚಿದ್ದನ್ನು ಮಾತಿನಮಲ್ಲಿಯೂ ಒತ್ತುತ್ತಾಳೆ. ಅಭ್ಯಾಸವಾಗಿಬಿಟ್ಟಿದೆ.

ನಾನು ಇದನ್ನೆಲ್ಲ ಕೇಳಿಸಿಕೊಂಡು ಮನೆಗೆ ಹೊರಟಾಗ ಹೊತ್ತು ಇಳಿದಿತ್ತು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಆ ದಿನ ಖಾಲಿಯಾದ ಕುಂಡಗಳನ್ನು ಬಿಸಿನೀರಿನಲ್ಲಿ ತೊಳೆದೇ ಒಳಗಿಡಬೇಕೆಂಬುದು ಈಗ ಆ ಮನೆಯ ಕ್ರಮ. ನಲ್ಲಿಯ ಬಳಿ ಮಾತಿನಮಲ್ಲಿ ಕುಂಡಗಳನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಪಕ್ಕಕ್ಕೆ ಸರಿಸುತ್ತಿದ್ದಳು. ಸಂಶಯಕ್ಕ ಒಂದೊಂದನ್ನೇ ಎತ್ತಿ, ಬಿಸಿನೀರು ಹೊಯ್ದು, ಒಳಗೆ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿ, ಬೋರಲು ಹಾಕುತ್ತಿದ್ದಳು. ಒಂದು ಕುಂಡವನ್ನು ಮಾತ್ರ ಎರಡು ಸಲ ಬೆಳಕಿಗೆ ಹಿಡಿದು, ಏನೂ ಹೇಳದೆ ಓರಗಿತ್ತಿಯ ಕಡೆಗೆ ತಿರುಗಿ ಸರಿಸಿದಳು. ಮಾತಿನಮಲ್ಲಿಯೂ ಏನೂ ಹೇಳದೆ ಅದನ್ನು ಎತ್ತಿಕೊಂಡು ಮತ್ತೆ ತಿಕ್ಕತೊಡಗಿದಳು.